ನಿಮಿಷ ಮುಗಿದ ಮೇಲಿನ ಓದು

ಮಕ್ಕಳನ್ನು ಗಡಿಯಾರ ಹಿಡಿದು ಓದಿಸುವ ಪದ್ಧತಿ ಕಂಡುಹಿಡಿದವರು ಯಾರೋ, ಅವರ ಕೈಗೊಂದು ಕುರಿಹಿಂಡು ಕೊಟ್ಟು ಅಡವಿಗೆ ಕಳಿಸಬೇಕು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಹುಮನಾಬಾದದಿಂದ ಬಸ್ಸು ಹಿಡಿದು ದುಬಲಗುಂಡಿಯ ಶಾಲೆಗೆ ಪಾಠ ಹೇಳಲು ಹೋಗುತ್ತೇನೆ. ಕಳೆದ ವರ್ಷ ನನ್ನ ತರಗತಿಯಲ್ಲಿ ಕುರಿ ಕಾಯುವವರ ಮನೆಯ ಹುಡುಗಿಯೊಬ್ಬಳಿದ್ದಳು. ಸುಗ್ಗಿ ಮುಗಿದರೆ ಅವರ ಮನೆಮಂದಿಯೆಲ್ಲ ಬಸವಕಲ್ಯಾಣದ ಕಡೆ ಹೊರಟು, ರಾಜೇಶ್ವರದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತಾರೆ. ಈಕೆ ಬುತ್ತಿಯ ಜತೆ ಪಠ್ಯಪುಸ್ತಕವನ್ನೂ ಕಟ್ಟಿಕೊಂಡು ಹೋದಳು. ಮರಳಿ ಬಂದಾಗ ಪುಸ್ತಕದ ರಟ್ಟು ಕಿತ್ತುಹೋಗಿತ್ತು, ಆದರೆ ಅವಳಿಗೆ ಓದು ಬಂದಿತ್ತು. ಬೆರಳಿಟ್ಟು ನಿಧಾನಕ್ಕೆ, ಗಟ್ಟಿ ದನಿಯಲ್ಲಿ ಓದುತ್ತಿದ್ದಳು. ಹಿಂಡಿನ ಗದ್ದಲದಲ್ಲಿ ಕಲಿತವಳು ಮತ್ತೆ ಹೇಗೆ ಓದಿಯಾಳು?

ಓದು ಬಂದರೆ ಶಾಲೆ, ಬಾರದಿದ್ದರೆ ಹಿಂಡು ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ. ಓದು ಪರೀಕ್ಷಿಸಲು ಇಲಾಖೆಯ ಸಾಹೇಬರು ಬಂದ ದಿನ ಅವನೂ ಬಂದು ಬಾಗಿಲ ಹೊರಗೆ ಕೂತ.

ಸಾಹೇಬರು ಕೊಟ್ಟ ಹಾಳೆಯಲ್ಲಿ ದಾರಿ ತಪ್ಪಿದ ಕುರಿಮರಿಯ ಕಥೆ ಇತ್ತು. ಒಬ್ಬೊಬ್ಬರಿಗೆ ಒಂದೇ ನಿಮಿಷ. ಉಳಿದ ಮಕ್ಕಳು ಗಡಗಡ ಓದಿದರು. ಏನು ಓದಿದಿರಿ ಎಂದು ಯಾರೂ ಕೇಳಲಿಲ್ಲ! ಈಕೆಯ ಓದಿನಲ್ಲಿ ಮರಿ ಬಾವಿಯ ಕಟ್ಟೆ ಹತ್ತುವಷ್ಟರಲ್ಲಿ ನಿಮಿಷ ಮುಗಿಯಿತು.

"ಇನ್ನೂ ಅದರಿ ಸರ," ಎಂದಳು.

"ಸಾಕವ್ವ, ಕುಂದರು."

ಗಟ್ಟಿಯಾಗಿ ಹೇಳುತ್ತಲೇ ಫೋನಿನಲ್ಲಿ ಒತ್ತಿಯೇಬಿಟ್ಟರು: ಓದಲು ಬಾರದು, ಆಸಕ್ತಿ ಇಲ್ಲ.

"ಆಸಕ್ತಿ ಇಲ್ಲಂತ ಹ್ಯಾಂಗ ಅಂತೀರಿ? ಅಡವ್ಯಾಗ ಕುಂತು ಓದ್ಯಾಳ್ರೀ ಈಕಿ!" ಎಂದು ನಾನು ಜಗಳಕ್ಕೇ ನಿಂತೆ.

"ಅದನ್ನ ಬರಿಯಾಕ ಇದ್ರಾಗ ಜಾಗಾ ಇಲ್ರಿ ಮೇಡಮ್," ಎಂದು ನಕ್ಕು ಜೀಪು ಹತ್ತಿದರು. ನಗು ಬೇರೆ ಕೇಡಿಗೆ!

ಅಪ್ಪ ಒಳಗೆ ಬಂದ. "ನಡಿ ಮತ್ತ. ಬರಂಗಿಲ್ಲ ಅಂದ್ರಲ್ಲ ಸಾಹೇಬ್ರು."

ಅವಳು ಏಳಲಿಲ್ಲ. ಹಾಳೆ ಇನ್ನೂ ಅವಳ ಕೈಯಲ್ಲೇ ಇತ್ತು. ನಿಲ್ಲಿಸಿದ ಕಡೆಯಿಂದಲೇ ಬೆರಳಿಟ್ಟು ಓದತೊಡಗಿದಳು. ಒಂದು ಪದಕ್ಕೆ ತಡವರಿಸಿದಳು, ಬಿಡಿಸಿಕೊಂಡು ಮತ್ತೆ ಓದಿದಳು. ಬಾವಿಯೊಳಗೆ ಮರಿ ಬಗ್ಗಿದಾಗ ಉಸಿರಿಗೆಂದು ನಿಂತಳು.

"ಬಿತ್ತೇನ?" ಅಪ್ಪ ಗದರಿದ. "ಮುಂದ ಓದು!" ಎನ್ನುತ್ತ ಕೋಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತ.

ಮರಿ ತಾಯಿಯ ಹತ್ತಿರ ಮುಟ್ಟುವ ತನಕ ಕೂತೇ ಇದ್ದ. ಆಮೇಲೆ ಕೋಲು ತೆಗೆದುಕೊಂಡು ಎದ್ದ.

"ಕುರಿ ನಾ ನೋಡ್ಕೋತೀನಿ, ನೀ ಇಲ್ಲೇ ಕುಂದರು. ಅಂವಗ ಕೇಳಾಕ ಪುರಸೊತ್ತಿಲ್ಲಂದ್ರ ನಿಂದೇನ ತಪ್ಪು?"

ಆ ಸಾಹೇಬರ ಫೋನಿನಲ್ಲಿ ಮಾತ್ರ ಅವಳಿಗೆ ಇವತ್ತಿಗೂ ಓದು ಬಾರದು.