ನೆಲ ಮುಟ್ಟದ ಅಂಚು

ಕಿಲ್ಟ್ ಉಟ್ಟು ಮುಗಿಸಲು ನನಗೆ ಈಗ ಹನ್ನೊಂದು ನಿಮಿಷ ಬೇಕು. ಇಪ್ಪತ್ತು ವರ್ಷಗಳ ಹಿಂದೆ ಏಳು ನಿಮಿಷ ಸಾಕಾಗುತ್ತಿತ್ತು. ಮೊದಲು ಉಣ್ಣೆಯ ಕಾಲುಚೀಲ. ಅದರ ಮಡಿಕೆ ಮೊಣಕಾಲಿನಿಂದ ಮೂರು ಬೆರಳು ಕೆಳಗಿರಬೇಕು. ಆಮೇಲೆ ಬೂಟು. ಕಿಲ್ಟ್ ಕಟ್ಟಿದ ಮೇಲೆ ಬೂಟಿಗೆಂದು ಬಗ್ಗಿದರೆ ಹಿಂದಿನ ನೆರಿಗೆಗಳು ಮೇಲೆದ್ದು ನಗೆಪಾಟಲಾಗುತ್ತದೆ, ಅದಕ್ಕೇ ಬೂಟು ಮೊದಲು. ಕೊನೆಗೆ ಸ್ಕಾಟ್ಲೆಂಡಿನ ಗಂಡಸರು ಮೊಣಕಾಲ ತನಕ ಉಡುವ ಎಂಟು ಗಜದ ಆ ಚೌಕುಳಿ ಉಣ್ಣೆಯನ್ನು ಹೊಕ್ಕುಳ ಮಟ್ಟಕ್ಕೆ ಸುತ್ತಿ, ಎಡಗಡೆ ಒಂದು, ಬಲಗಡೆ ಎರಡು ಚರ್ಮದ ಪಟ್ಟಿಗಳನ್ನು ಬಕಲಿಗೆ ಹಾಕಿ ಬಿಗಿಯಬೇಕು. ಕಿಲ್ಟನ್ನು ಹಿಡಿದಿಡುವುದು ಈ ಮೂರು ಬಕಲ್ ಮಾತ್ರ.

ಸೈನ್ಯದ ಪೈಪ್ ಬ್ಯಾಂಡಿನಲ್ಲಿ ನಾನು ಹದಿನೇಳು ವರ್ಷ ಬ್ಯಾಗ್‌ಪೈಪ್ ಊದಿದ್ದೆ. ಅಲ್ಲಿ ನಮಗೆ ಭುಜದ ಮೇಲೊಂದು ಚೌಕುಳಿ ಶಾಲು ಇತ್ತು, ಕೆಳಗೆ ಪ್ಯಾಂಟೇ. ಕಿಲ್ಟ್ ಉಟ್ಟಿದ್ದು ಬಹ್ರೇನಿಗೆ ಬಂದ ಮೇಲೆ, ಐವತ್ತು ದಾಟಿದ ಮೇಲೆ. ನಾನು ಕೆಲಸಕ್ಕಿದ್ದ ಕಂಪನಿಯ ಸ್ಟೋರಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸದ ಕೊಳಲನ್ನು ಊದುತ್ತಿದ್ದೆ. ಬೋಲ್ಟು ಕೇಳಲು ಬಂದಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬರು ಬೋಲ್ಟು ಮರೆತು ಬಾಗಿಲಲ್ಲೇ ನಿಂತುಬಿಟ್ಟರು. ಅವರು ಇಲ್ಲಿನ ತಮ್ಮ ದೇಶದವರ ಚಿಕ್ಕ ಬ್ಯಾಂಡಿನ ಮುಖ್ಯಸ್ಥರು, ಪೈಪ್ ಮೇಜರ್. ಹೆಸರಿಗಷ್ಟೇ ಮೇಜರ್, ಒಂದು ದಿನವೂ ಸೈನ್ಯದಲ್ಲಿದ್ದವರಲ್ಲ. ಶಿಸ್ತಿನಲ್ಲಿ ಮಾತ್ರ ನನ್ನ ಹಳೆಯ ಸುಬೇದಾರರನ್ನು ಮೀರಿಸುತ್ತಿದ್ದರು. ನನ್ನನ್ನು ಮೊದಲ ದಿನದಿಂದ ಹವಾಲ್ದಾರ್ ಎಂದೇ ಕರೆದರು.

ಶುಕ್ರವಾರ ಬೆಳಿಗ್ಗೆ, ಆಫೀಸುಗಳು ಮುಚ್ಚಿರುವಾಗ, ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ ನಮ್ಮ ಅಭ್ಯಾಸ. ಕಿಲ್ಟಿನ ಸುಖದುಃಖವೆಲ್ಲ ನನಗೆ ಗೊತ್ತಾದದ್ದು ಅಲ್ಲಿ. ಕರಾವಳಿಯವನು ನಾನು, ಲುಂಗಿಯಲ್ಲೇ ಬೆಳೆದವನು. ಕಾಲಿಗೆ ಗಾಳಿ ತಗಲುವುದು ಹೊಸದಲ್ಲ. ಆದರೆ ಲುಂಗಿಯನ್ನು ಎತ್ತಿ ಕಟ್ಟಬಹುದು, ಕಿಲ್ಟನ್ನು ಹಾಗೆ ಎತ್ತಲಾಗದು. ಒಮ್ಮೆ ರಸ್ತೆಯಲ್ಲಿ ಮಳೆನೀರು ನಿಂತಿತ್ತು, ನನ್ನ ಎರಡು ಕೈಗಳೂ ತಾವಾಗಿಯೇ ಅಂಚಿಗೆ ಹೋದವು. ಪೈಪ್ ಮೇಜರ್ ಹಿಂದಿನಿಂದ ಕೆಮ್ಮಿ ನನ್ನ ಮಾನ ಉಳಿಸಿದರು. ಜುಲೈ ತಿಂಗಳಿನಲ್ಲಿ ಸೊಂಟದ ಸುತ್ತ ಉಣ್ಣೆ ಒದ್ದೆ ಕಂಬಳಿಯಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಸೀಟಿನ ಮೇಲೆ ಬರಿ ತೊಡೆ ತಾಗಿದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಒಬ್ಬ ಪಾಕಿಸ್ತಾನಿ ಟ್ಯಾಕ್ಸಿ ಚಾಲಕ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಬಂದು, ಇಳಿಯುವಾಗ, ಚಾಚಾ, ಈ ಲುಂಗಿಯಲ್ಲಿ ಸೆಕೆ ಆಗುವುದಿಲ್ಲವೇ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದ್ದ. ಉದ್ದನೆಯ ಬಿಳಿ ಥೋಬ್ ತೊಡುವ ಇಲ್ಲಿನ ಗಂಡಸರು ಯಾರೂ ನಗಲಿಲ್ಲ. ನಕ್ಕವರು ನಮ್ಮವರೇ.

ಸುಖವೂ ಇತ್ತು. ಹಿಂದಿನ ನೆರಿಗೆಗಳ ದಪ್ಪ ಬೆನ್ನಿನ ಕೆಳಭಾಗಕ್ಕೆ ಅಪ್ಪಿ ಕೂರುತ್ತದೆ. ನನ್ನ ಸೊಂಟನೋವು ಆ ಒಂದು ಗಂಟೆ ಸುಮ್ಮನಿರುತ್ತಿತ್ತು. ಕಿಲ್ಟ್ ಉಟ್ಟವನು ಗೂನು ಹಾಕಿ ನಿಲ್ಲಲಾರ. ಹೆಜ್ಜೆ ಸರಿಬಿದ್ದರೆ ನೆರಿಗೆಗಳು ಹಿಂದೆ ತೂಗುತ್ತವೆ, ತಪ್ಪಿದರೆ ಸತ್ತಂತೆ ನೇತಾಡುತ್ತವೆ. ನಾನು ಸರಿ ಇದ್ದೇನೆಯೇ ಎಂದು ಪ್ರತಿ ಹೆಜ್ಜೆಗೂ ಹೇಳುವ ಬೇರೆ ಬಟ್ಟೆಯನ್ನು ನಾನು ಕಂಡಿಲ್ಲ.

ಅಭ್ಯಾಸಕ್ಕೆ ಮೊದಲು ತಪಾಸಣೆ. ಪೈಪ್ ಮೇಜರ್ ಎಲ್ಲರನ್ನೂ ಸಾಲಾಗಿ ಮಂಡಿಯೂರಿಸುತ್ತಿದ್ದರು. ಬೆನ್ನು ನೆಟ್ಟಗೆ ಇಟ್ಟು ಮಂಡಿಯೂರಿದಾಗ ಕಿಲ್ಟಿನ ಅಂಚು ನೆಲದಿಂದ ಒಂದು ಬೆರಳು ಮೇಲಿರಬೇಕು. ಅಂಚು ನೆಲ ಮುಟ್ಟಿದರೆ ಆತ ಸಾಲಿನಿಂದ ಹೊರಗೆ. ನಿಂತವನ ಅಂಚು ಕಣ್ಣಿಗೆ ಮೋಸ ಮಾಡುತ್ತದೆ, ಮಂಡಿಯೂರಿದವನದು ಮಾಡುವುದಿಲ್ಲ ಎನ್ನುತ್ತಿದ್ದರು. ಈ ನಿಯಮ ನನಗೆ ಬಹಳ ಹಿಡಿಸಿತು. ಅವರಿಗೆ ಬೆನ್ನುನೋವು ಬಂದ ವರ್ಷದಿಂದ ತಪಾಸಣೆಯ ಕೆಲಸ ನನ್ನದಾಯಿತು, ಅವರ ತಪಾಸಣೆಯೂ ಸೇರಿ.

ಹದಿನಾಲ್ಕು ಮಂದಿಯ ಬ್ಯಾಂಡು ಹೋದ ವರ್ಷಕ್ಕೆ ನಾಲ್ಕಾಗಿತ್ತು. ಕಾಂಟ್ರಾಕ್ಟು ಮುಗಿದವರು ಹೋದರು, ಹೊಸಬರಿಗೆ ಇದರಲ್ಲಿ ಆಸಕ್ತಿಯಿಲ್ಲ. ನವೆಂಬರಿನ ಕೊನೆಯಲ್ಲಿ ಅವರ ದೇಶದವರ ಕ್ಲಬ್ಬಿನ ಹುಲ್ಲಿನ ಮೇಲೆ ಸಂಜೆ ಐದಕ್ಕೆ ಊದುತ್ತ ಒಳಗೆ ನಡೆಯುವ ಒಂದು ಕಾರ್ಯಕ್ರಮ ಮಾತ್ರ ಉಳಿದಿತ್ತು. ಆ ಜೂನಿನಲ್ಲಿ ಪೈಪ್ ಮೇಜರರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯ ಹಂತ ದಾಟಿತ್ತು. ಅವರು ಕೇಳಿದ್ದು ಒಂದೇ: ನವೆಂಬರಿನ ಆ ಸಂಜೆ ಕಿಲ್ಟ್ ಉಟ್ಟು ಬ್ಯಾಂಡಿನ ಮುಂದೆ ಗೇಟಿನಿಂದ ವೇದಿಕೆಯ ತನಕ ನಡೆಯಬೇಕು. ಊದಲು ಉಸಿರಿಲ್ಲ, ಅದು ಅವರಿಗೂ ಗೊತ್ತಿತ್ತು. ನಡೆದರೆ ಸಾಕು. ಅರವತ್ತು ಹೆಜ್ಜೆ, ನಾನೇ ಅಳೆದಿದ್ದೆ.

ನನ್ನ ಹೆಂಡತಿ ಸೆಗಯಾ ಬಡಾವಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಮನೆಗೆ ಅಂಟಿಕೊಂಡ ಒಂದೇ ಕೋಣೆ. ಕಿಲ್ಟಿಗೆ ಅವಳು ಇಟ್ಟ ಹೆಸರು ಗಂಡಸರ ಪಾವಡೆ. ಆದರೂ ಬ್ಯಾಂಡಿನವರ ನೆರಿಗೆಗಳನ್ನೆಲ್ಲ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿಕೊಡುತ್ತಿದ್ದವಳು ಅವಳೇ. ಪೈಪ್ ಮೇಜರ್ ಸೊರಗುತ್ತ ಹೋದಂತೆ ಅವರ ಕಿಲ್ಟ್ ಜಾರತೊಡಗಿತು. ಜುಲೈಯಲ್ಲಿ ಪಟ್ಟಿಯ ಕೊನೆಯ ತೂತಿಗೆ ಬಂದರು. ಆಗಸ್ಟಿನಲ್ಲಿ ಅವಳು ಬಕಲುಗಳನ್ನು ಬಿಚ್ಚಿ ಎರಡು ಅಂಗುಲ ಒಳಗೆ ಹೊಲಿದಳು. ಸೆಪ್ಟೆಂಬರಿನಲ್ಲಿ ಇನ್ನೆರಡು, ಅಕ್ಟೋಬರಿನಲ್ಲಿ ಮತ್ತೆ ಎರಡು. ಪ್ರತಿ ಸಲವೂ ಬಿಚ್ಚಿದ ಜಾಗದಲ್ಲಿ ಹಳೆಯ ಸೂಜಿತೂತುಗಳು ಸಾಲಾಗಿ ಉಳಿಯುತ್ತಿದ್ದವು. ಅವನ್ನು ನೋಡಿದರೆ ಯಾವ ತಿಂಗಳಲ್ಲಿ ಅವರು ಎಷ್ಟಿದ್ದರೆಂದು ಹೇಳಬಹುದಿತ್ತು. ಅಷ್ಟು ಸುತ್ತಿದ ಮೇಲೆ ಹಿಂದಿರಬೇಕಾದ ನೆರಿಗೆಗಳು ಪಕ್ಕಕ್ಕೆ ಬಂದವು, ಚೌಕುಳಿಯ ಗೆರೆಗಳು ತಪ್ಪಿದವು. ನನ್ನ ಕಣ್ಣಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು.

ಬಕಲು ಸರಿಸಲು ಇನ್ನು ಒಳಗೆ ಜಾಗ ಇಲ್ಲ ಎಂದು ಅವಳು ನನಗೊಬ್ಬನಿಗೇ ಹೇಳಿದಳು.

ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಪೈಪ್ ಮೇಜರ್ ಕೊನೆಯ ಅಳತೆಗೆ ಅಂಗಡಿಗೆ ಬಂದರು. ಕಾರಿನಿಂದ ಬಾಗಿಲಿಗೆ ಮೂರು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ನಿಂತು ಹತ್ತಿದರು. ಪರದೆಯ ಹಿಂದೆ ಕಿಲ್ಟ್ ಉಟ್ಟು ಹೊರಗೆ ಬಂದಾಗ ನನಗೆ ನಿಜವಾಗಿ ಆಶ್ಚರ್ಯವಾಯಿತು. ನೆಟ್ಟಗೆ ನಿಂತಿದ್ದರು. ಪ್ಯಾಂಟಿನಲ್ಲಿ ಕಾಣುತ್ತಿದ್ದ ರೋಗಿ ಅಲ್ಲಿರಲಿಲ್ಲ. ಅಂಗಡಿಯ ಆ ತುದಿಯಿಂದ ಈ ತುದಿಗೆ ಹೋಗಿ ತಿರುಗಿ ಬಂದರು. ನಾನು ಹೆಜ್ಜೆ ಎಣಿಸಿದೆ, ಹದಿನೆಂಟು. ಕುಳಿತುಕೊಳ್ಳಲಿಲ್ಲ.

ನನ್ನ ಹೆಂಡತಿ ಎದುರಿಗೆ ನಿಂತು ನೋಡಿ, ಉದ್ದ ಸರಿ ಉಂಟು, ಚಂದ ಕಾಣ್ತದೆ, ಇನ್ನು ಮುಟ್ಟುವುದು ಬೇಡ ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ತಪಾಸಣೆ ನನ್ನ ಕೈಗೆ ಬಂದಂದಿನಿಂದ, ಬಕಲ್ ಸರಿಸಿದ ಒಂದು ಕಿಲ್ಟನ್ನೂ ಅಳೆಯದೆ ನಾನು ಸರಿ ಎಂದಿರಲಿಲ್ಲ. ಮಂಡಿಯೂರಿದರೆ ಅಳೆದುಬಿಡುತ್ತೇನೆ ಎಂದೆ.

ಅವರು ನನ್ನ ಮುಖ ನೋಡಿದರು. ಬೇಡವೆನ್ನಲಿಲ್ಲ. ನಿಯಮ ಅವರದೇ. ಹೊಲಿಗೆ ಯಂತ್ರದ ಮೇಲೆ ಒಂದು ಕೈ ಊರಿ, ಒಂದು ಮಂಡಿ ಇಳಿಸಿ, ಇನ್ನೊಂದನ್ನೂ ಇಳಿಸಿದರು. ಬೆನ್ನು ನೆಟ್ಟಗೆ ಮಾಡಿದರು. ಕಿಲ್ಟನ್ನು ತಡೆಯಲು ಸೊಂಟದಲ್ಲಿ ಏನೂ ಉಳಿದಿರಲಿಲ್ಲ. ಅದು ಕೆಳಗೆ ಜಾರಿ ಅಂಚು ಸುತ್ತಲೂ ನೆಲಕ್ಕೆ ತಾಗಿತು. ನಾನು ಬಗ್ಗಿ ಬೆರಳಿಟ್ಟು ನೋಡಿದೆ. ಮುಟ್ಟುತ್ತಿದೆ ಎಂದೆ. ಇದನ್ನೂ ನಾನೇ ಹೇಳಿದ್ದು.

ಅವರು ಏಳಲು ನೋಡಿದರು. ಆಗಲಿಲ್ಲ. ಮತ್ತೊಮ್ಮೆ ಯಂತ್ರವನ್ನು ಹಿಡಿದರು, ಯಂತ್ರ ಅಲುಗಿತು, ಅವರು ಅಲುಗಲಿಲ್ಲ. ನಾವಿಬ್ಬರೂ ತೋಳಿಗೆ ಕೈ ಹಾಕಿ ಎತ್ತಿದೆವು. ಭಾರವಿರುತ್ತದೆಂದು ಬಲ ಹಾಕಿದ್ದಕ್ಕೆ ಇಬ್ಬರೂ ಹಿಂದಕ್ಕೆ ಬೀಳುವಂತಾಯಿತು. ಅವರನ್ನು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿದೆವು. ಕಿಲ್ಟ್ ಉಟ್ಟು ಕೂರುವಾಗ ನೆರಿಗೆಗಳನ್ನು ಕೈಯಿಂದ ಸವರಿ ಕೂರಬೇಕೆಂದು ನನಗೆ ಕಲಿಸಿದವರು, ಸವರದೆ ಕೂತರು.

ಅಂಚು ಮುಟ್ಟಿದವನು ಸಾಲಿನಿಂದ ಹೊರಗೆ ಎಂದರು. "ಆ ಸಂಜೆ ನೀನು ಮುಂದೆ ನಡೆ, ಹವಾಲ್ದಾರ್."

ಇನ್ನೂ ಹತ್ತು ದಿನ ಇದೆ, ಒಳಗಿನಿಂದ ಒಂದು ಪಟ್ಟಿ ಹಾಕಿ ಭುಜಕ್ಕೆ ಕಟ್ಟಬಹುದು, ಜಾರುವುದಿಲ್ಲ ಎಂದೆಲ್ಲ ನಾನು ಹೇಳತೊಡಗಿದೆ. ಅವರು ಕೈ ಎತ್ತಿದರು. ಬ್ಯಾಂಡು ನಿಲ್ಲಿಸುವಾಗ ಎತ್ತುತ್ತಿದ್ದ ಹಾಗೆಯೇ. ನಾನು ನಿಲ್ಲಿಸಿದೆ.

ಅವರನ್ನು ಮನೆಗೆ ಬಿಟ್ಟು ಬಂದಾಗ ನನ್ನ ಹೆಂಡತಿ ಕತ್ತರಿ, ಟೇಪು ಎಲ್ಲ ಎತ್ತಿಟ್ಟು ಕೂತಿದ್ದಳು.

"ನಿಂತಿದ್ರು ಅಲ್ವಾ ಅವರು," ಎಂದಳು. "ನೀವು ಮಂಡಿ ಹಾಕಿಸಿದ್ದೆಂತಕ್ಕೆ?"

ನಿಯಮ ಎಂದು ಬಾಯಿಗೆ ಬಂತು. ಅಲುಗಿದ್ದ ಯಂತ್ರವನ್ನು ಮೊದಲಿನ ಜಾಗಕ್ಕೆ ಸರಿಸಿಟ್ಟೆ.

ನಾಲ್ಕನೆಯ ದಿನ ಅವರನ್ನು ಸಲ್ಮಾನಿಯಾದ ಆಸ್ಪತ್ರೆಗೆ ಸೇರಿಸಿದರು. ಅದು ನನ್ನಿಂದಾದದ್ದಲ್ಲ, ರೋಗ ಅಷ್ಟು ಮುಂದೆ ಹೋಗಿತ್ತು ಎಂದು ಬ್ಯಾಂಡಿನ ಉಳಿದವರು ಹೇಳಿದರು. ಇರಬಹುದು. ಆದರೆ ಹದಿನೆಂಟು ಹೆಜ್ಜೆ ನಡೆದವರು ಅರವತ್ತು ನಡೆಯುತ್ತಿರಲಿಲ್ಲವೆಂದು ನನಗೆ ಯಾರೂ ತೋರಿಸಿಕೊಡಲಾರರು. ನವೆಂಬರಿನ ಸಂಜೆ ನಾವು ಮೂವರು ಗೇಟಿನಿಂದ ವೇದಿಕೆಗೆ ನಡೆದೆವು. ನಾನು ಮುಂದೆ ಇದ್ದೆ. ಹೆಜ್ಜೆ ತಪ್ಪಲಿಲ್ಲ, ಸ್ವರ ತಪ್ಪಲಿಲ್ಲ. ಬಂದವರು ಚಪ್ಪಾಳೆ ತಟ್ಟಿದರು. ಅರವತ್ತನೆಯ ಹೆಜ್ಜೆಗೆ ನಿಂತಾಗ ಹಿಂದೆ ನೆರಿಗೆಗಳು ಒಮ್ಮೆ ತೂಗಿ ನಿಂತವು. ನನಗೆ ಅದರಿಂದ ಏನೂ ಅನ್ನಿಸಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಎಷ್ಟು ಜನ ಬಂದಿದ್ದರೆಂದು ಕೇಳಲಿಲ್ಲ. ತಮ್ಮ ಕಿಲ್ಟಿನ ಬಕಲುಗಳನ್ನು ಮೊದಲಿದ್ದ ಜಾಗಕ್ಕೇ ಹೊಲಿದಿಡಲು ನನ್ನ ಹೆಂಡತಿಗೆ ಹೇಳಬೇಕೆಂದರು. ಊರಿಗೆ ಒಯ್ದ ಮೇಲೆ, ಹೂಳುವಾಗ ಅದನ್ನೇ ಉಡಿಸುತ್ತಾರೆ, ಆಗ ಅದು ತಮ್ಮ ಕಿಲ್ಟೇ ಆಗಿರಬೇಕು ಎಂದರು. ನಾನು ಅವಳಿಗೆ ತಿಳಿಸಿದೆ. ಮಲಗಿದವರಿಗೆ ಅಳತೆ ಯಾಕೆ, ಬಕಲು ಹಾಕದೆ ಮೇಲಿಂದ ಹೊದೆಸಿದರೂ ಆಗ್ತದೆ ಎಂದಳು. ಆಮೇಲೆ ಕನ್ನಡಕ ಹಾಕಿಕೊಂಡು, ಯಂತ್ರ ಬಿಟ್ಟು ಕೈಹೊಲಿಗೆಯಲ್ಲೇ, ಮೂರು ಬಕಲುಗಳನ್ನೂ ಜೂನಿನ ಸೂಜಿತೂತುಗಳಿಗೇ ಸರಿಯಾಗಿ ಹೊಲಿದಳು. ನೆರಿಗೆಗಳು ಹಿಂದಕ್ಕೆ ಹೋದವು, ಗೆರೆಗಳು ಕೂಡಿದವು. ಅದನ್ನು ತುಂಬುವ ಮನುಷ್ಯ ಎಲ್ಲೂ ಇರಲಿಲ್ಲ. ಡಿಸೆಂಬರಿನಲ್ಲಿ ಅವರ ತಂಗಿ ಬಂದು ಅವರನ್ನೂ ಕಿಲ್ಟನ್ನೂ ಒಟ್ಟಿಗೇ ಕರೆದೊಯ್ದರು. ಜನವರಿಯಲ್ಲಿ ಸುದ್ದಿ ಬಂತು.

ಬ್ಯಾಂಡು ಮತ್ತೆ ಸೇರಿಲ್ಲ. ಇನ್ನಿಬ್ಬರಲ್ಲಿ ಒಬ್ಬರು ತಮ್ಮ ದೇಶಕ್ಕೆ ಹೋದರು, ಒಬ್ಬರು ಫೋನು ಎತ್ತುವುದಿಲ್ಲ. ನಾನು ಶುಕ್ರವಾರ ಬೆಳಿಗ್ಗೆ ಆರಕ್ಕೆ ಎದ್ದು ಕಾಲುಚೀಲ, ಬೂಟು, ಕಿಲ್ಟ್, ಇದೇ ಕ್ರಮದಲ್ಲಿ ಉಡುತ್ತೇನೆ. ಹೋಗುವ ಜಾಗವಿಲ್ಲ. ಕೋಣೆಯ ಮಧ್ಯದಲ್ಲಿ ಮಂಡಿಯೂರಿ ಬೆರಳಿಟ್ಟು ನೋಡುತ್ತೇನೆ. ಅಂಚು ಇನ್ನೂ ಒಂದು ಬೆರಳು ಮೇಲೇ ಇದೆ. ಏಳಲು ಮಂಚದ ಕಾಲು ಹಿಡಿಯಬೇಕು, ಕೆಲವು ಸಲ ಎರಡು ಬಾರಿ.

ಪಕ್ಕದ ಅಂಗಡಿಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿರುತ್ತದೆ. ನಾನು ಮಂಡಿಯೂರಿದ ಸದ್ದಿಗೆ ಅದು ನಿಲ್ಲುತ್ತದೆ. ನಾನು ಎದ್ದು ನಿಂತು ಬೂಟನ್ನು ಒಮ್ಮೆ ನೆಲಕ್ಕೆ ತಟ್ಟುವವರೆಗೆ ಮತ್ತೆ ಶುರುವಾಗುವುದಿಲ್ಲ.