ಕೂತ ಕುರ್ಚಿಯನ್ನೂ ಮಾರಿದ ಜೈತುನ್‌ಬಿ

ಜೈತುನ್‌ಬಿ ಕೂತಿದ್ದ ಕುರ್ಚಿಯೂ ಮಾರಾಟಕ್ಕಿತ್ತು. ಆಕೆ ಚಹಾ ಕುಡಿಯುತ್ತಿದ್ದ ಪಿಂಗಾಣಿ ಕಪ್ಪು, ಬಿಸಿಲಿಗೆಂದು ತಲೆಯ ಮೇಲೆ ಕಟ್ಟಿಕೊಂಡ ದೊಡ್ಡ ಕೊಡೆ, ಹೊತ್ತು ನೋಡಲು ಪಕ್ಕದಲ್ಲಿಟ್ಟುಕೊಂಡ ಅಲಾರಾಂ ಗಡಿಯಾರ, ಎಲ್ಲವೂ ಮಾರಾಟದ ಸಾಮಾನೇ. ಒಮ್ಮೆ ನನ್ನೆದುರಿಗೇ ಐಗಳಿ ಕಡೆಯ ರೈತರೊಬ್ಬರು ಆ ಬೆತ್ತದ ಕುರ್ಚಿಯನ್ನು ಕೇಳಿದರು. ಜೈತುನ್‌ಬಿ ಅರ್ಧ ಕುಡಿದ ಚಹಾ ಹಿಡಿದುಕೊಂಡೇ ಎದ್ದಳು. ಸೆರಗಿನಿಂದ ಕುರ್ಚಿ ಒರೆಸಿ, ರೈತರ ಹೆಗಲಿಗೇರಿಸಿ, ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು ಉಳಿದ ಚಹಾ ಮುಗಿಸಿದಳು.

“ಕುಂಡ್ರಾಕ ಏನ್ ಮಾಡ್ತೀರಿ ಖಾಲಾ?” ಎಂದೆ.

“ಭೂಮಿ ಎಲ್ಲಿ ಹೋಗೇತ್ರಿ ಅಕ್ಕಾರ? ಅದನ್ನ ಯಾರೂ ಎತ್ಕೊಂಡು ಹೋಗಂಗಿಲ್ಲ” ಎಂದಳು.

ರಾಯಬಾಗದ ಕಾಯಿಪಲ್ಲೆ ಸಂತೆ ಊರೊಳಗೆ ಕೂಡುತ್ತದೆ. ಹಳೆಯ ಸಾಮಾನಿನದು ಊರ ಹೊರಗೆ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವ ರಸ್ತೆಯ ಪಕ್ಕದ ಬಯಲಿನಲ್ಲಿ. ಎಲ್ಲರೂ ಅದಕ್ಕೆ ಜುನಾ ಬಜಾರ ಎನ್ನುತ್ತಾರೆ. ವಾರಕ್ಕೊಮ್ಮೆ ಅಲ್ಲಿ ತಳ ಸವೆದ ಹಿತ್ತಾಳೆ ಕೊಡಗಳು, ಕೀಲಿ ಇಲ್ಲದ ಟ್ರಂಕುಗಳು, ಹಾಡು ನಿಂತುಹೋದ ಟೇಪ್‌ರೆಕಾರ್ಡರುಗಳು ಬಿಸಿಲು ಕಾಯುತ್ತ ಬಿದ್ದಿರುತ್ತವೆ. ಜೈತುನ್‌ಬಿ ಕುಡಚಿಯಿಂದ ಅರಿವೆ ಮಾರುವವರ ಟೆಂಪೋದಲ್ಲಿ ಬರುತ್ತಿದ್ದಳು. ಜಾಲಿಗಿಡದ ಬುಡ ಆಕೆಯ ಜಾಗ. ಯಾರಾದರೂ ಅಪ್ಪಿತಪ್ಪಿ “ಹಳೇದು” ಎಂದರೆ ಆಕೆಗೆ ಸಿಟ್ಟು ಬರುತ್ತಿತ್ತು. “ಹಳೇದಲ್ಲರಿ ಇದು, ಬಾಳಿದ್ದು. ಹೊಸಾದಕ್ಕ ಏನ್ ಗೊತ್ತಿರತೈತಿ?” ಎನ್ನುತ್ತಿದ್ದಳು.

ನಾನು ಅಲ್ಲಿಗೆ ಮೊದಲು ಹೋದದ್ದು ಕೊಳ್ಳಲಿಕ್ಕಲ್ಲ, ಮಾರಲಿಕ್ಕೆ. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದರು. ಮಿರಜಿನ ದವಾಖಾನೆಯಲ್ಲಿ ಬಹಳ ದಿನ ಇದ್ದು ಅಲ್ಲಿಯೇ ತೀರಿಕೊಂಡರು. ನಾನು ಅಳಲಿಲ್ಲ. ದಿನಕರ್ಮ ಮುಗಿಯಿತು, ಬಂದವರು ಹೋದರು, ತಹಶೀಲ್ದಾರ ಕಚೇರಿಯ ಎದುರಿನ ನನ್ನ ಝೆರಾಕ್ಸ್ ಅಂಗಡಿಯನ್ನು ಮತ್ತೆ ತೆಗೆದೆ. ಕಾಗದ ಇಡುವುದು, ಮುಚ್ಚಳ ಹಾಕುವುದು, ಗುಂಡಿ ಒತ್ತುವುದು. ಗಟ್ಟಿ ಹೆಂಗಸು ಎಂದು ಕೆಲವರು ಹೊಗಳಿದರು, ಕೆಲವರು ಅದೇ ಮಾತನ್ನು ಬೇರೆ ದನಿಯಲ್ಲಿ ಆಡಿಕೊಂಡರು. ಎರಡೂ ನನಗೆ ತಾಕಲಿಲ್ಲ. ಊಟಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಅವರ ಸಾಮಾನು ಜಾಗ ಹಿಡಿದಿದೆ, ತೆಗೆಯಬೇಕು ಎಂದಷ್ಟೇ ಅನ್ನಿಸಿತು. ಒಂದು ಚೀಲದಲ್ಲಿ ಅಂಗಿಗಳನ್ನೂ ಅವರ ಸ್ಟೀಲಿನ ಥರ್ಮಾಸನ್ನೂ ತುಂಬಿಕೊಂಡು ಜುನಾ ಬಜಾರಕ್ಕೆ ನಡೆದೆ.

ಜೈತುನ್‌ಬಿ ಅಂಗಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ನೋಡಿ, ಮತ್ತೆ ಮಡಚಿ ಚೀಲದಲ್ಲಿಟ್ಟಳು.

“ಅರಿವಿ ನಾ ತಗೊಳ್ಳಂಗಿಲ್ರಿ” ಎಂದಳು.

“ಯಾಕ? ಹರದಿಲ್ಲ, ಚೊಲೋ ಅದಾವು.”

“ಚೊಲೋ ಅದಾವು ಖರೇ. ನಾಳೆ ಯಾಂವರೆ ಇದನ್ನ ಹಾಕ್ಕೊಂಡು ನಿಮ್ಮ ಎದುರಿಗೆ ಹಾದು ಹೋದ್ರ? ಹಿಂದಿಂದ ನೋಡಿ ಎದಿ ಧಸಕ್ ಅಂತೈತ್ರಿ.”

“ನನಗೇನೂ ಆಗಂಗಿಲ್ಲ ಖಾಲಾ. ಏನೂ ಆಗವಲ್ದು” ಎಂದೆ.

ಆಕೆ ಸಮಾಧಾನದ ಮಾತು ಹೇಳಲಿಲ್ಲ. ಥರ್ಮಾಸನ್ನು ಮಾತ್ರ ಎತ್ತಿಟ್ಟುಕೊಂಡು, “ಮುಂದಿನ ವಾರ ಬರ್ರಿ” ಎಂದಳು.

ಮುಂದಿನ ವಾರ ಹೋದಾಗ ಆಕೆಯ ಮುಂದೆ ಒಬ್ಬ ಗಿರಾಕಿ ಕೂತಿದ್ದ. ಥರ್ಮಾಸು ಆಕೆಯ ಕೈಯಲ್ಲಿತ್ತು. ನಾನು ಬಂದದ್ದನ್ನು ಆಕೆ ಗಮನಿಸಲಿಲ್ಲ.

“ಸಾದಾ ಥರ್ಮಾಸ್ ಅಂತ ತಿಳದ್ರೇನು? ಒಬ್ಬ ಫೌಜಿ ಮನಷ್ಯಾಂದು ಇದು. ಬರ್ಫದಾಗ ಪಹರೆ ಮಾಡತಿದ್ದ. ಸುತ್ತಲಿಂದೆಲ್ಲಾ ಹೆಪ್ಪುಗಟ್ಟಿ ಕಲ್ಲಾಗಿದ್ರೂ ಇದರಾಗಿನ ಚಹಾ ಹೊಗಿ ಆಡತಿತ್ತು. ಇಲ್ಲಿ ನೋಡ್ರಿ, ತಗ್ಗು ಬಿದ್ದೇತಿ. ಗುಂಡು ಬಡದದ್ದು! ಎದಿಗೆ ಬರೂದು ಇದಕ್ಕ ಬಂತು. ಜೀವಾ ಉಳೀತು.”

ಆಕೆಯ ವ್ಯಾಪಾರವೇ ಹಾಗೆ ಎಂದು ಆಮೇಲೆ ತಿಳಿಯಿತು. ಪ್ರತಿ ಸಾಮಾನಿಗೂ ಒಂದು ಕಥೆ ಕಟ್ಟುತ್ತಿದ್ದಳು. ಸೀಳಿದ ಕನ್ನಡಿಯಲ್ಲಿ ಒಬ್ಬ ಜಮೀನ್ದಾರನ ಮಗಳು ಮುಖ ನೋಡಿಕೊಂಡಿದ್ದಳು, ಕುಂಟ ಮಂಚದ ಮೇಲೆ ಒಬ್ಬ ಹಕೀಮ ನೂರು ವರ್ಷ ಬಾಳಿದ್ದ. ಆದರೆ ಆ ಹೊತ್ತಿಗೆ ನನಗೆ ಅದು ಗೊತ್ತಿರಲಿಲ್ಲ. ಬಾಯಿ ತಾನಾಗಿ ಮಾತಾಡಿತು.

“ಗುಂಡಲ್ಲ ಅದು. ದವಾಖಾನಿ ಪಾವಟಿಗಿ ಮ್ಯಾಲ ನನ್ನ ಕೈ ಜಾರಿ ಬಿದ್ದದ್ದು. ಅದರಾಗ ಗಂಜಿ ಒಯ್ದಿದ್ದೆ. ಅವ್ರು ಕುಡೀಲಿಲ್ಲ.”

ದವಾಖಾನೆ ಎಂಬ ಮಾತು ಕೇಳಿದ್ದೇ ಗಿರಾಕಿ ಎದ್ದು ಧೋತರ ಝಾಡಿಸಿಕೊಂಡು ಹೋದ.

ಜೈತುನ್‌ಬಿ ಹಣೆ ಬಡಿದುಕೊಂಡಳು. “ಆತಲ್ಲ! ನಿಮ್ಮ ಖರೇ ಮಾತಿಗೆ ಗಿರಾಕಿ ಓಡಿ ಹೋದ. ಕುಂಡರ್ರಿ ಇಲ್ಲೆ. ನನ್ನ ಧಂದಾ ಕೆಡಿಸಿದ್ರಿ, ಇನ್ನ ಪೂರ್ತಾ ಹೇಳ್ರಿ.”

ನಾನು ಗೋಣಿಚೀಲದ ತುದಿಗೆ ಕೂತೆ. ಹೇಳಲಿಕ್ಕೆ ಏನಿತ್ತು? ರಾತ್ರಿಪಾಳಿಗೆ ಹೋಗುವಾಗ ಅವರು ಆ ಥರ್ಮಾಸಿನಲ್ಲಿ ಚಹಾ ಒಯ್ಯುತ್ತಿದ್ದರು. ಬೆಳಿಗ್ಗೆ ಬಂದವರೇ ತಳದಲ್ಲಿ ಉಳಿದ ಒಂದಿಷ್ಟನ್ನು ಬಗ್ಗಿಸಿ ನನಗೆ ಕೊಡುತ್ತಿದ್ದರು. ನನಗೆಂದೇ ಉಳಿಸಿ ತರುತ್ತಿದ್ದರಂತೆ. ಅಷ್ಟೊತ್ತಿಗೆ ಅದು ಉಗುರುಬೆಚ್ಚಗಾಗಿ, ಸ್ಟೀಲಿನ ವಾಸನೆ ಹಿಡಿದಿರುತ್ತಿತ್ತು. “ಮನ್ಯಾಗ ಬಿಸಿ ಚಹಾ ಮಾಡ್ಕೊಂಡು ಕುಡ್ಯಾಕ ಬರಂಗಿಲ್ಲೇನ್ ನನಗ” ಎಂದು ಬೈಯುತ್ತ ಕುಡಿಯುತ್ತಿದ್ದೆ. ದಿನಾ ಬೈಯುತ್ತಿದ್ದೆ, ದಿನಾ ಕುಡಿಯುತ್ತಿದ್ದೆ.

ಪಹಣಿ ಓದಿ ಹೇಳುವ ದನಿಯಲ್ಲಿ ಅಷ್ಟನ್ನೂ ಹೇಳಿದೆ. ಆಕೆ ಥರ್ಮಾಸಿನ ಮುಚ್ಚಳ ತಿರುವಿ ಮೂಸಿ ನೋಡಿದಳು.

“ಫೌಜಿ ಕಥಿಕಿಂತ ಇದು ಚೊಲೋ ಐತಿ” ಎಂದಳು. “ಆದ್ರ ಮಾರಾಕ ಬರಂಗಿಲ್ಲ.”

ಅಂದಿನಿಂದ ಸಂತೆಯ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಜಾಲಿಗಿಡದ ಕೆಳಗೆ ಹೋಗಿ ಕೂಡುವುದು ರೂಢಿಯಾಯಿತು. ಗಿರಾಕಿ ಇಲ್ಲದಾಗ ಆಕೆ ತನ್ನ ಕಥೆಯನ್ನೂ ಹೇಳುತ್ತಿದ್ದಳು. ಅದು ವಾರವಾರ ಬದಲಾಗುತ್ತಿತ್ತು. ಗಂಡ ಒಂದು ವಾರ ಮುಂಬಯಿಯ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ, ಇನ್ನೊಂದು ವಾರ ಕೃಷ್ಣಾ ನದಿಯ ಮಹಾಪೂರದಲ್ಲಿ ತೇಲಿ ಹೋಗಿದ್ದ. ತೇಲಿ ಹೋದ ಕಥೆ ಹೇಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟು ಸುಲಭವಾಗಿ ನೀರು ಬರುವ ಆ ಕಣ್ಣುಗಳನ್ನು ನಾನು ನೋಡುತ್ತ ಕೂಡುತ್ತಿದ್ದೆ.

ಥರ್ಮಾಸು ಮಾರಾಟವಾದ ದಿನ ನಾನು ಅಲ್ಲೇ ಇದ್ದೆ. ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದ ಹೆಣ್ಣುಮಗಳೊಬ್ಬಳು ಕೂಸನ್ನು ಕಂಕುಳಲ್ಲಿ ಹಿಡಿದು ನಿಂತು, ಹಾಲು ಬಿಸಿ ಉಳಿಯುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದಳು. ಜೈತುನ್‌ಬಿ ಫೌಜಿಯ ಸುದ್ದಿ ತೆಗೆಯಲಿಲ್ಲ. “ರಾಹತೇ ಬಾಯಿ” ಎಂದಳು, ಉಳಿಯುತ್ತದೆ ಎಂದು ಅಷ್ಟೇ. ಕೇಳಿದ ದರಕ್ಕೆ ಕೊಟ್ಟುಬಿಟ್ಟಳು. ಆ ಹೆಣ್ಣುಮಗಳು ಟ್ರ್ಯಾಕ್ಟರುಗಳ ನಡುವೆ ಮರೆಯಾಗುವವರೆಗೂ ನೋಡಿದೆ. ಈಗಲಾದರೂ ಒಳಗೆ ಏನಾದರೂ ಅಲುಗೀತು ಎಂದು ಕಾದೆ. ಅಲುಗಲಿಲ್ಲ.

“ಏನರೆ ಆತೇನ್ರಿ?” ಜೈತುನ್‌ಬಿ ಕೇಳಿದಳು.

“ಇಲ್ಲ ಖಾಲಾ.”

“ಆಗಲಿಲ್ಲಂದ್ರ ಬಿಡ್ರಿ. ಅಳು ಬರೂದಿದ್ರ ಬರತೈತಿ. ಬರಲಿಲ್ಲಂದ್ರೂ ನೀವೇನು ಕೆಟ್ಟಾಕಿ ಅಲ್ಲ.”

ಹಾಗೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಆಕೆ ಬರುವುದು ನಿಂತಿತು. ಮೊದಲು ಮಳೆಗೆ ಎಂದುಕೊಂಡೆ. ಟೆಂಪೋದವರನ್ನು ಕೇಳಿದಾಗ ಲಕ್ವಾ ಹೊಡೆದಿದೆ ಎಂದರು. ಬಸ್ಸು ಹತ್ತಿ ಕುಡಚಿಗೆ ಹೋದೆ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮನೆ. ಬಾಗಿಲಲ್ಲಿ ತೆಳ್ಳಗಿನ ಮುದುಕನೊಬ್ಬ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದ. ನೀವು ಜೈತುನ್‌ಬಿಗೆ ಏನಾಗಬೇಕು ಎಂದು ಕೇಳಿದೆ.

“ಗಂಡರಿ” ಎಂದ.

ಮಹಾಪೂರದಲ್ಲಿ ತೇಲಿ ಹೋದವನು ಬಳ್ಳೊಳ್ಳಿ ಸಿಪ್ಪೆ ಝಾಡಿಸಿ ಎದ್ದು ನನ್ನನ್ನು ಒಳಗೆ ಕರೆದ.

ಜೈತುನ್‌ಬಿ ಹೊರಸಿನ ಮೇಲೆ ಮಲಗಿದ್ದಳು. ತಲೆ ಬಾಚಿತ್ತು, ಕಣ್ಣಿಗೆ ಸುರಮಾ ಇತ್ತು. ಅದನ್ನೆಲ್ಲ ಮಾಡುತ್ತಿದ್ದವನು ಅವನೇ. ಬಲಗೈ ಬಿದ್ದುಹೋಗಿತ್ತು. ಅಷ್ಟೆಲ್ಲ ಮಾತಾಡುತ್ತಿದ್ದಾಕೆಗೆ ಉಳಿದದ್ದು ಒಂದೇ ಮಾತು: “ಬರ್ರಿ.” ನೀರು ಬೇಕಾದರೂ ಬರ್ರಿ, ನೋವಾದರೂ ಬರ್ರಿ. ಮುದುಕ ಚಹಾ ಮಾಡಿ ತಂದ. ನನಗೆ ಕಪ್ಪು ಕೊಟ್ಟು, ಆಕೆಗೆ ಬಸಿಯಲ್ಲಿ ಆರಿಸಿ ಚಮಚೆಯಿಂದ ಕುಡಿಸಿದ. ಜಾಲಿಗಿಡದ ಟೊಂಗೆ ಮುರಿದದ್ದು, ಬಯಲಿನಲ್ಲಿ ಕೆಸರಾದದ್ದು ಎಂದು ನಾನು ಸಂತೆಯ ಸುದ್ದಿ ಹೇಳಿದೆ. ಸುದ್ದಿ ಮುಗಿದ ಮೇಲೆ ಎದ್ದೆ.

“ಬರ್ರಿ” ಎಂದಳು.

ಹೋಗಿ ಬರ್ರಿ ಎಂದಳೋ, ತಿರುಗಿ ಬರ್ರಿ ಎಂದಳೋ ತಿಳಿಯಲಿಲ್ಲ. ಹೊಸ್ತಿಲಿನಿಂದ ಹಿಂದಿರುಗಿ ಮತ್ತೆ ಕೂತೆ. ಮಿರಜಿನ ದವಾಖಾನೆಯ ಕೊನೆಯ ದಿನದ್ದನ್ನು, ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ಅವರು ನೀರು ಕೇಳಿದ್ದರು, ಡಾಕ್ಟರು ಕೊಡಬೇಡಿರೆಂದಿದ್ದರು. ನಾನು ಒದ್ದೆ ಅರಿವೆಯಿಂದ ತುಟಿ ಒರೆಸುತ್ತ ಕೂತಿದ್ದೆ. ಜೈತುನ್‌ಬಿ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಆಗಲೂ ನನಗೆ ಅಳು ಬರಲಿಲ್ಲ. ಕತ್ತಲಾಗುವ ಮೊದಲು ಬಸ್ಸು ಹಿಡಿದೆ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅದೇ ಮುದುಕ ನನ್ನ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದ. ಕಚೇರಿಯ ಕೆಲಸಕ್ಕೆ ಜೈತುನ್‌ಬಿಯ ಆಧಾರ್ ಕಾರ್ಡಿನ ಪ್ರತಿಗಳು ಬೇಕಾಗಿದ್ದವು. ಆಕೆ ತೀರಿಹೋಗಿ ಆಗಲೇ ವಾರದ ಮೇಲಾಗಿತ್ತು. ಕಾರ್ಡನ್ನು ಇಟ್ಟು ಮುಚ್ಚಳ ಹಾಕಿ ಗುಂಡಿ ಒತ್ತಿದೆ. ಹೊರಬಂದ ಕಾಗದದಲ್ಲಿ ಆಕೆಯ ಮುಖ ಕಪ್ಪಾಗಿ ಮೂಡಿತ್ತು. ತುಟಿ ಬಿಗಿಯಾಗಿ ಮುಚ್ಚಿತ್ತು. ಕಪ್ಪು ಕಡಿಮೆ ಮಾಡಿ ಇನ್ನೊಮ್ಮೆ ತೆಗೆದೆ.

ಕಾಗದ ಮಡಚುತ್ತ ಮುದುಕ ಕೇಳಿದ: “ಸಂತಿಯಾಗ ನನ್ನ ಸುದ್ದಿ ತಗೀತಿದ್ಲೇನ್ರಿ?”

ಮಹಾಪೂರದ ಸುದ್ದಿಯನ್ನು ನಾಲಿಗೆಯಲ್ಲೇ ತಡೆದೆ.

“ವಾರಾ ತಗೀತಿದ್ರು” ಎಂದೆ. “ನಮ್ಮ ಮನುಷ್ಯಾ ಚಹಾ ಮಾಡಿದಂಗ ಈ ಸಂತಿಯಾಗ ಯಾರಿಗೂ ಮಾಡಾಕ ಬರಂಗಿಲ್ಲ ಅಂತಿದ್ರು.”

ಅವನು ಕಾಗದಗಳನ್ನು ಕಿಸೆಗೆ ಹಾಕಿಕೊಳ್ಳುವುದನ್ನು ಮರೆತು ನಿಂತ.

“ಮನ್ಯಾಗ ಬೈತಿದ್ಲರಿ,” ಎಂದ. “ಸಕ್ಕರಿ ಜಾಸ್ತಿ ಹಾಕತಿ ಅಂತ.”

ಹೇಳಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ. ಹಿಂದಿನವರು ಪಹಣಿ ಚಾಚಿ ನಿಂತಿದ್ದರು. ಇಸಿದುಕೊಂಡೆ.