ಮೇಷ್ಟ್ರ ಕಡೆಯ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಉಳಿದವರು ಅದನ್ನು ತಿಂಗಳಿಗೊಮ್ಮೆ ಮುಟ್ಟಿದರೆ ಹೆಚ್ಚು. ನಮ್ಮ ಮೇಷ್ಟ್ರು ಮಾತ್ರ ರಸ್ತೆ ಬದಿಯ ನಾಯಿ ಕಿವಿ ಅಲ್ಲಾಡಿಸಿದರೂ ತುಳಿದುಬಿಡುತ್ತಿದ್ದರು. ಜೊತೆಯವರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು.

ಆ ದಿನ ಓಡಿಸುತ್ತಿದ್ದವರು ಟೈಲರಮ್ಮ. ಐವತ್ತರ ಅಂಚಿನಲ್ಲಿ, ಗಂಡ ನಕ್ಕರೂ ಹಟ ಹಿಡಿದು ಕಲಿಯಲು ಬಂದಿದ್ದ ಹೆಂಗಸು. ಸಿಗ್ನಲ್ ಹಳದಿಯಾಯಿತು, ಆಕೆ ವೇಗ ತಗ್ಗಿಸುತ್ತಲೇ ಇದ್ದರು. ಮೇಷ್ಟ್ರಿಗೆ ತಾಳ್ಮೆಯೆಲ್ಲಿ? ತಮ್ಮ ಬ್ರೇಕನ್ನು ಪೂರ್ತಿ ತುಳಿದರು. ಹಿಂದಿನಿಂದ ವ್ಯಾನೊಂದು ಬಂದು ಗುದ್ದಿತು. ಇಬ್ಬರ ತಲೆಯೂ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಕೆಳಗಿಳಿದ ಮೇಷ್ಟ್ರು ಸೇರಿದವರಿಗೆಲ್ಲ, "ಈಯಮ್ಮ ಸಡನ್ನಾಗಿ ಬ್ರೇಕ್ ಹಾಕ್ಬಿಟ್ರು" ಎಂದರು. ಟೈಲರಮ್ಮನ ಕಾಲೂ ಬ್ರೇಕಿನ ಮೇಲೇ ಇದ್ದದ್ದರಿಂದ ಆಕೆ ಅದನ್ನೇ ನಂಬಿದರು, ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಆಕೆಗೆ ಏನೂ ಆಗಲಿಲ್ಲ. ಮೇಷ್ಟ್ರ ಕತ್ತು ಮಾತ್ರ ಮಾರನೆಯ ದಿನ ಬಿಗಿದುಕೊಂಡಿತು. ಎಕ್ಸ್-ರೇಯಲ್ಲಿ ಮೂಳೆ ನೆಟ್ಟಗಿತ್ತು. ಎರಡು ತಿಂಗಳು ಮಾತ್ರೆ ನುಂಗಿದರೂ, ಹಿಂದೆ ನೋಡಬೇಕೆಂದರೆ ಬೀರು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಬೇಕಿತ್ತು. ಕೊನೆಗೆ ಹೆಂಡತಿ ಆಸ್ಟಿಯೋಪತಿ ವೈದ್ಯೆಯೊಬ್ಬರ ಬಳಿಗೆ ಕಳಿಸಿದರು. ಕೈಯಿಂದಲೇ ಮೂಳೆ, ಸ್ನಾಯು ಸಡಿಲಿಸುವ ಚಿಕಿತ್ಸೆ ಅದು.

"ಕತ್ತು ಲಟಕ್ ಅನ್ನಿಸಲ್ವಾ ಡಾಕ್ಟ್ರೆ?"

"ಅನ್ನಿಸಲ್ಲ. ಸುಮ್ನೆ ಮಲಗಿ."

ಆಕೆ ಒತ್ತಿದ್ದು ಪಕ್ಕೆಲುಬುಗಳನ್ನು. ಮೇಷ್ಟ್ರಿಗೆ ಮೋಸ ಹೋದ ಹಾಗಾಯಿತು. "ನೋವಿರೋದು ಕತ್ತಲ್ಲಿ."

"ಕತ್ತೇನು ಗಾಳೀಲಿ ನಿಂತಿದ್ಯಾ? ಕೆಳಗಡೆ ಬಿಗಿದ್ರೆ ಅದನ್ನೂ ಎಳೆಯುತ್ತೆ."

ಮೂರನೆಯ ಸಲ ಆಕೆ ಬಲಗಾಲನ್ನು ಎತ್ತಿ ಮಡಚಿ ನೋಡಿದರು. ಸೊಂಟದ ಬಳಿ ಅದು ಹಟ ಹಿಡಿದಿತ್ತು. "ಗುದ್ದಿದಾಗ ಈ ಕಾಲು ಏನನ್ನೋ ಜೋರಾಗಿ ತುಳಿದಿತ್ತಾ?"

ಮೇಷ್ಟ್ರ ಬಾಯಿಗೆ ಹಳೆಯ ಮಾತೇ ಬಂತು. ನುಂಗಿಕೊಂಡರು. ಚಾವಣಿ ನೋಡುತ್ತ, "ಬ್ರೇಕ್. ಹಾಕಿದ್ದು ನಾನೇ" ಎಂದರು.

ವೈದ್ಯೆ "ಸರಿ" ಎಂದು ಬರೆದುಕೊಂಡರು. ಅವರಿಗೆ ಬೇಕಿದ್ದದ್ದು ಅಷ್ಟೇ. ಮೇಷ್ಟ್ರಿಗೆ ಮಾತ್ರ ನಾಚಿಕೆಯಿಂದ ಮುಖ ಬಿಸಿಯಾಯಿತು.

ಕತ್ತು ಮುಕ್ಕಾಲು ಪಾಲು ತಿರುಗಲು ಇನ್ನೂ ಐದು ವಾರ ಹಿಡಿಯಿತು. ಟೈಲರಮ್ಮನ ಅಂಗಡಿಗೆ ಹೋಗುವ ಧೈರ್ಯಕ್ಕೂ ಅಷ್ಟೇ ಹಿಡಿಯಿತು. ಆಕೆ ಕಾಜಾ ಹೊಲಿಯುತ್ತಿದ್ದವರು ಎದ್ದು ಸ್ಟೂಲ್ ಎಳೆದರು. "ಕತ್ತು ಹೇಗಿದೆ ಮೇಷ್ಟ್ರೆ? ನನ್ನಿಂದ ನಿಮಗೆ ಎಷ್ಟು ತೊಂದರೆ!"

ಮೇಷ್ಟ್ರು ಕೂರಲಿಲ್ಲ. "ಅವತ್ತು ಬ್ರೇಕ್ ಹಾಕಿದ್ದು ನೀವಲ್ಲಮ್ಮ, ನಾನು. ನೀವು ಸರಿಯಾಗೇ ನಿಲ್ಲಿಸ್ತಿದ್ರಿ. ಸುಳ್ಳು ಹೇಳ್ದೆ."

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.  ಆಮೇಲೆ ಒಳಗೆ ತಿರುಗಿ ಗಂಡನನ್ನು ಕೂಗಿದರು. ಆತ ಕನ್ನಡಕ ಒರೆಸುತ್ತ ಬಂದ.

"ಈಗ ಹೇಳಿದ್ರಲ್ಲ, ಇವರ ಮುಂದೆ ಇನ್ನೊಂದು ಸಲ ಹೇಳಿ. ನಾಲ್ಕು ತಿಂಗಳಿಂದ ದಿನಾ ಆಡ್ಕೊಂಡು ನಗ್ತಿದ್ದಾರೆ."

ಮೇಷ್ಟ್ರು ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದರು. ಗಂಡ ಕನ್ನಡಕ ಹಾಕಿಕೊಳ್ಳುವುದನ್ನೇ ಮರೆತ.

"ಸೋಮವಾರದಿಂದ ಕ್ಲಾಸಿಗೆ ಬರ್ತೀನಿ" ಎಂದರು ಟೈಲರಮ್ಮ.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಬನ್ನಿಯಮ್ಮಾ, ಬೆಳಿಗ್ಗೆ ಏಳಕ್ಕೇ ನಾನು..."

"ನಿಮ್ಮ ಹತ್ರ ಅಲ್ಲ. ಬೇರೆ ಮೇಷ್ಟ್ರಿಗೆ ಹೇಳಿಡಿ."